ಎಲ್ಲಾ ಇದೆಯಲ್ಲ, ಪ್ರಾರ್ಥನೆಯಲ್ಲಿ ಏನು ಕೇಳಲಿ?

ಶರಾವತಿ ತೀರ · ಆಗಸ್ಟ್ 23, ರಾತ್ರಿ 9:50

ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ಮನಸ್ಸನ್ನು ಕೊರೆಯುತ್ತಿರುವ ವಿಷಯ. ಯಾರ ಹತ್ತಿರ ಹೇಳಬೇಕು ಗೊತ್ತಾಗದೆ ಇಲ್ಲಿ ಹಾಕುತ್ತಿದ್ದೇನೆ.

ನಮ್ಮದು ಹೊನ್ನಾವರದ ಹತ್ತಿರ. ಹದಿನೇಳು ವರ್ಷ ಕುವೈತಿನಲ್ಲಿ ದುಡಿದು ಊರಿಗೆ ಬಂದೆ. ಹಳೆ ಹಂಚಿನ ಮನೆ ತೆಗೆದು ಆರ್‌ಸಿಸಿ ಮನೆ ಕಟ್ಟಿಸಿದೆ. ಬೋರ್‌ವೆಲ್, ಇನ್ವರ್ಟರ್, ಎರಡು ಬಾಗಿಲಿನ ಫ್ರಿಜ್ಜು, ಸುತ್ತ ಕಾಂಪೌಂಡು. ಇಡೀ ಕುಟುಂಬಕ್ಕೆ ಆರೋಗ್ಯ ವಿಮೆ. ರಾತ್ರಿ ಊಟಕ್ಕೆ ಮೊದಲು ಕೂತು ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ, ಹೇಳುವುದು ಅಮ್ಮನ ಕಾಲದಿಂದ ಬಂದ ಪದ್ಧತಿ. ಈಗ ವಾರಕ್ಕೆ ಒಂದು ಸಲ, ಭಾನುವಾರ ಮಾತ್ರ ನಡೆಯುತ್ತದೆ. ಕೊನೆಗೆ ಒಬ್ಬೊಬ್ಬರೂ ಒಂದೊಂದು ಬಿನ್ನಹ ಹೇಳಬೇಕು. ಕಳೆದ ವಾರ ಮಗಳ ಸರದಿ ಬಂತು. ಒಂಬತ್ತು ವರ್ಷ ಅವಳಿಗೆ. ಸುಮ್ಮನೆ ಕೂತಿದ್ದಳು. "ಹೇಳು ಪುಟ್ಟಿ" ಅಂದೆ. "ಏನು ಕೇಳ್ಲಿ ಪಪ್ಪಾ? ನಮ್ಮ ಹತ್ರ ಎಲ್ಲಾ ಇದೆಯಲ್ಲ" ಅಂದಳು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಹೆಂಡತಿ ಮಾತು ಬದಲಿಸಿ ಊಟಕ್ಕೆ ಕರೆದಳು.

ಅವಳ ವಯಸ್ಸಲ್ಲಿ ನಾನು ಏನು ಕೇಳುತ್ತಿದ್ದೆ ಅಂತ ಚೆನ್ನಾಗಿ ನೆನಪಿದೆ. ಅಪ್ಪನ ದೋಣಿ ಅಳಿವೆ ದಾಟಿ ಒಳಗೆ ಬರಲಿ ಅಂತ. ನಮ್ಮ ಅಳಿವೆ ಬಾಯಿಯ ಮರಳು ದಿಬ್ಬ ಎಷ್ಟು ದೋಣಿ ಮಗುಚಿದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಅಪ್ಪ ಬರುವವರೆಗೂ ಅಮ್ಮ ಜಪಸರ ಕೆಳಗಿಡುತ್ತಿರಲಿಲ್ಲ. ಆ ಸರದಲ್ಲಿ ಒಂದು ಮಣಿ ಒಡೆದುಹೋಗಿತ್ತು. ಅಪ್ಪ ಆ ಜಾಗಕ್ಕೆ ಬಲೆ ನೂಲಿನ ಗಂಟು ಹಾಕಿಕೊಟ್ಟಿದ್ದರು. ಅಮ್ಮನ ಬೆರಳು ಆ ಗಂಟಿಗೆ ಬಂದಾಗ ಒಂದು ಕ್ಷಣ ನಿಲ್ಲುತ್ತಿತ್ತು.

ಸೌಕರ್ಯ ಬಂದ ಹಾಗೆ ದೇವರು ಬೇಕು ಅನ್ನಿಸುವುದೇ ನಿಂತುಹೋಗುತ್ತದಾ? ನಿಮ್ಮ ಮನೆಗಳಲ್ಲಿ ಹೇಗೆ?

ಕುಮಟಾ ಮಾಮಾ · ರಾತ್ರಿ 10:02

ಮಗು ಇದ್ದದ್ದು ಇದ್ದ ಹಾಗೆ ಹೇಳಿದೆ. ನಾವು ದೊಡ್ಡವರು ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೇ.

ಲೆಕ್ಕದ ಮನುಷ್ಯ · ರಾತ್ರಿ 10:15

ಕ್ಷಮಿಸಿ, ನಾನು ಒಪ್ಪುವುದಿಲ್ಲ. ಇದರಲ್ಲಿ ತಪ್ಪು ಏನಿದೆ? ಹದಿನೇಳು ವರ್ಷ ಬಿಸಿಲಲ್ಲಿ ದುಡಿದಿದ್ದೀರಿ. ನಿಮ್ಮ ಮಗಳು ಹೆದರಿಕೆಯಿಂದ ಪ್ರಾರ್ಥನೆ ಮಾಡಬೇಕಾಗಿಲ್ಲ ಅಂದರೆ ಅದು ಒಳ್ಳೆಯದೇ ಅಲ್ವಾ?

ನಮ್ಮ ಅಪ್ಪನ ಬೋಟಿಗೆ ವಿಮೆ ಇರಲಿಲ್ಲ. ಬೋಟು ಹೋಯಿತು. ಬಂದವರೆಲ್ಲ "ದೇವರ ಚಿತ್ತ" ಅಂದು ಚಹಾ ಕುಡಿದು ಹೋದರು. ಸಾಲ ತೀರಿಸಲು ಅಕ್ಕನ ಬಳೆ ಮಾರಿದೆವು. ಆವತ್ತೇ ತೀರ್ಮಾನ ಮಾಡಿದೆ, ಯಾರ ಮುಂದೆಯೂ ಕೈ ಚಾಚಬಾರದು. ಬೈಬಲಿನಲ್ಲೇ ಇದೆ, ದುಡಿಯಲು ಮನಸ್ಸಿಲ್ಲದವನು ಊಟವನ್ನೂ ಮಾಡಬಾರದು ಅಂತ, 2 ಥೆಸಲೋನಿಕ 3:10. ಸಂತ ಪೌಲರೇ ಗುಡಾರ ಹೊಲಿದು ಬದುಕಿದರು. ಇರುವೆಯನ್ನು ನೋಡಿ ಕಲಿ ಅಂತ ಜ್ಞಾನೋಕ್ತಿ 6ರಲ್ಲಿದೆ. ತನಗೆ ತಾನು ಸಹಾಯ ಮಾಡಿಕೊಳ್ಳುವವನಿಗೆ ದೇವರು ಸಹಾಯ ಮಾಡುತ್ತಾನೆ ಅಂತಲೂ ಇದೆ.

ಶಿರಸಿ ಟೀಚರ್ · ರಾತ್ರಿ 10:40

ಕೊನೆಯ ಮಾತು ಬೈಬಲಿನಲ್ಲಿ ಎಲ್ಲೂ ಇಲ್ಲ. ಇಪ್ಪತ್ತು ವರ್ಷದಿಂದ ಧರ್ಮೋಪದೇಶದ ಕ್ಲಾಸು ತೆಗೆದುಕೊಳ್ಳುತ್ತಿದ್ದೇನೆ, ಪ್ರತಿ ವರ್ಷ ಒಬ್ಬ ಹುಡುಗನಾದರೂ ಇದನ್ನು ವಚನ ಅಂತ ಬರೆದಿರುತ್ತಾನೆ. ಅದು ಗ್ರೀಕರ ಹಳೆಯ ಗಾದೆ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಪಂಚಾಂಗದಲ್ಲಿ ಅಚ್ಚು ಹಾಕಿದ ಮೇಲೆ ಎಲ್ಲರ ಬಾಯಿಗೆ ಬಂತು. ಉಳಿದ ಮೂರು ಸರಿ ಇವೆ.

ಅಣ್ಣಾ, ದುಡಿಯಬೇಡಿ ಅಂತ ಇಲ್ಲಿ ಯಾರೂ ಹೇಳುತ್ತಿಲ್ಲ. ಲೂಕ 12ರಲ್ಲಿ ಕಣಜದ ಶ್ರೀಮಂತನ ಕಥೆ ಇದೆಯಲ್ಲ, ಒಮ್ಮೆ ನಿಧಾನವಾಗಿ ಓದಿ. ಅವನು ಕದ್ದಿಲ್ಲ, ಯಾರಿಗೂ ಮೋಸ ಮಾಡಿಲ್ಲ. ಆ ವರ್ಷ ಬೆಳೆ ಚೆನ್ನಾಗಿ ಬಂತು, ಕಣಜ ಸಾಲಲಿಲ್ಲ. ಅಡಿಕೆಗೆ ಒಳ್ಳೆ ರೇಟು ಬಂದ ವರ್ಷ ನಮ್ಮ ಕಡೆ ಯಾರಿಗೆ ಬೇಕಾದರೂ ಬರುವ ಯೋಚನೆ ಅದು. ಆದರೆ ಅವನು ಮಾತಾಡುವುದೆಲ್ಲ ತನ್ನ ಜೊತೆಗೇ. ನಾನು ಏನು ಮಾಡಲಿ, ನನ್ನ ಬೆಳೆ, ನನ್ನ ಕಣಜ, ನನ್ನ ಜೀವವೇ ಆರಾಮಾಗಿರು. ಆ ಕಥೆಯಲ್ಲಿ ಹೆಂಡತಿ ಇಲ್ಲ, ಆಳು ಇಲ್ಲ, ಪಕ್ಕದ ಮನೆಯವನಿಲ್ಲ. ದೇವರ ಹೆಸರೂ ಅವನ ಬಾಯಲ್ಲಿ ಬರುವುದಿಲ್ಲ. ಕೊನೆಗೆ ದೇವರೇ ಮಾತಾಡಿಸಿ, "ಮೂರ್ಖಾ, ಈ ರಾತ್ರಿಯೇ ನಿನ್ನ ಪ್ರಾಣ ಹೋಗುತ್ತದೆ" ಅನ್ನಬೇಕಾಯಿತು.

ಬೈಬಲಿನ ಧರ್ಮೋಪದೇಶಕಾಂಡದ 8ನೇ ಅಧ್ಯಾಯ ಕೂಡ ನೋಡಿ. ನಲವತ್ತು ವರ್ಷ ಮರುಭೂಮಿಯಲ್ಲಿದ್ದವರಿಗೆ ಮೋಶೆ ಕೊಡುವ ಎಚ್ಚರಿಕೆ ಮುಂದಿನ ಒಳ್ಳೆಯ ದಿನಗಳ ಬಗ್ಗೆ. ಹೊಟ್ಟೆ ತುಂಬಿದಾಗ, ಒಳ್ಳೆ ಮನೆ ಕಟ್ಟಿಕೊಂಡಾಗ, ದನ ಕುರಿ ಹೆಚ್ಚಿದಾಗ, "ಇದೆಲ್ಲ ನನ್ನ ಕೈಯ ಬಲದಿಂದ ಆಯಿತು" ಅಂದುಕೊಳ್ಳಬೇಡ ಅಂತ. ಹಾವು ಚೇಳಿದ್ದ ಜಾಗಕ್ಕಿಂತ ಹೊಸ ಮನೆಯಲ್ಲಿ ಮರೆವು ಬೇಗ ಬರುತ್ತದೆ ಅಂತ ಮೋಶೆಗೆ ಗೊತ್ತಿತ್ತು.

ನೈಟ್ ಡ್ಯೂಟಿ · ರಾತ್ರಿ 11:30

ನಾನು ನರ್ಸು. ಬ್ರೇಕಿನಲ್ಲಿ ಬರೆಯುತ್ತಿದ್ದೇನೆ.

ಐಸಿಯು ಹೊರಗಿನ ಬೆಂಚಿನಲ್ಲಿ ಎರಡು ಥರದ ಜನರನ್ನು ನೋಡಿದ್ದೇನೆ. ದಿನವೂ ಪ್ರಾರ್ಥನೆ ಮಾಡಿ ಅಭ್ಯಾಸ ಇದ್ದವರು ಅಳುತ್ತಾರೆ, ದೇವರ ಮೇಲೆ ಸಿಟ್ಟು ಮಾಡುತ್ತಾರೆ, ಜಗಳ ಆಡುತ್ತಾರೆ. ಆದರೆ ಮಾತಾಡಲು ಅವರಿಗೆ ಯಾರೋ ಒಬ್ಬರು ಇದ್ದಾರೆ. ಇನ್ನು ಕೆಲವರು ಕಾರ್ಡು, ಫೈಲು, ದೊಡ್ಡ ಡಾಕ್ಟರ ನಂಬರು ಎಲ್ಲಾ ಹಿಡಿದುಕೊಂಡು ಬರುತ್ತಾರೆ. ಡಾಕ್ಟರು "ಇನ್ನು ನಮ್ಮ ಕೈಯಲ್ಲಿಲ್ಲ" ಅಂದ ಕೂಡಲೇ ಅವರಿಗೆ ಮಾತೇ ನಿಂತುಹೋಗುತ್ತದೆ. ಹೋದ ವರ್ಷ ಒಬ್ಬರು, ನಮ್ಮವರೇ, ನನ್ನ ಕುತ್ತಿಗೆಯ ಶಿಲುಬೆ ನೋಡಿ ಹತ್ತಿರ ಬಂದು ಕೇಳಿದರು: "ಸಿಸ್ಟರ್, ನಮೋ ಮರಿಯಾ ಪ್ರಾರ್ಥನೆ ಪೂರ್ತಿ ನೆನಪಾಗುತ್ತಿಲ್ಲ, ಸ್ವಲ್ಪ ಹೇಳಿಕೊಡ್ತೀರಾ?" ಅರವತ್ತು ದಾಟಿದ ಮನುಷ್ಯ. ಕಾರಿಡಾರಿನಲ್ಲಿ ನಿಂತು ಒಂದೊಂದೇ ಸಾಲು ಹೇಳಿಕೊಟ್ಟೆ.

ವಿಮೆ ತಪ್ಪಲ್ಲ ಲೆಕ್ಕದ ಅಣ್ಣಾ. ದಯವಿಟ್ಟು ಎಲ್ಲರೂ ಮಾಡಿಸಿ. ಆದರೆ ಅದು ಬಿಲ್ಲು ಕಟ್ಟುತ್ತದೆ ಅಷ್ಟೇ.

ಹೊಸ ಆಶೀರ್ವಾದ · ಆಗಸ್ಟ್ 24, ಬೆಳಿಗ್ಗೆ 6:20

ಕರ್ತನಿಗೆ ಸ್ತೋತ್ರ. ಬ್ರದರ್, ದೇವರು ಕೊಟ್ಟ ಆಶೀರ್ವಾದವನ್ನು ಅಪಾಯ ಅನ್ನಬೇಡಿ. ಅಬ್ರಹಾಮನು ಐಶ್ವರ್ಯವಂತ. ಯೋಬನಿಗೆ ಕಳೆದುಕೊಂಡದ್ದೆಲ್ಲ ಎರಡರಷ್ಟು ವಾಪಸ್ ಬಂತು. ನಂಬಿಗಸ್ತರಾಗಿ ಇರುವವರನ್ನು ಕರ್ತನು ಉದ್ಧಾರ ಮಾಡುತ್ತಾನೆ. ನಿಮ್ಮ ಮನೆಯೇ ಅದಕ್ಕೆ ಸಾಕ್ಷಿ.

ಹಳಿಯಾಳದವಳು · ಬೆಳಿಗ್ಗೆ 8:05

ಹಾಗಾದರೆ ನಮ್ಮ ಅಜ್ಜಿ ನಂಬಿಗಸ್ತಳಾಗಿರಲಿಲ್ಲವಾ ಬ್ರದರ್?

ನಾವು ಸಿದ್ದಿಗಳು, ಆಫ್ರಿಕಾ ಮೂಲದವರು. ಕಾಡಂಚಿನಲ್ಲಿ ಮಣ್ಣಿನ ಗೋಡೆಯ ಮನೆ. ಅಜ್ಜಿ ಇನ್ನೊಬ್ಬರ ಗದ್ದೆಯಲ್ಲಿ ದುಡಿದೇ ಸತ್ತಳು. ಭಾನುವಾರದ ಪೂಜೆಗೆ ಆರು ಮೈಲಿ ನಡೆದು ಹೋಗುತ್ತಿದ್ದಳು. ಅವಳಿಗೆ ಯಾವುದೂ ಎರಡರಷ್ಟು ಬರಲಿಲ್ಲ.

ಮೊದಲು ಬರೆದ ಅಣ್ಣನಿಗೂ ಒಂದು ಮಾತು. ಬಡತನ ಇದ್ದಾಗ ಭಕ್ತಿ ಇತ್ತು ಅಂತ ಬರೆಯುವವರು ಹೆಚ್ಚಾಗಿ ಬಡತನದಿಂದ ಹೊರಗೆ ಬಂದವರು. ಹಸಿವು ಜನರನ್ನು ಕುಡಿಸುತ್ತದೆ, ಹೊಡೆದಾಡಿಸುತ್ತದೆ. ನಾನು ನೋಡಿದ್ದೇನೆ. 2003ರಲ್ಲಿ ನಮ್ಮ ಜಿಲ್ಲೆಯ ಸಿದ್ದಿಗಳನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿದರು. ಅದರಿಂದಲೇ ನಾನು ಹಾಸ್ಟೆಲಿನಲ್ಲಿ ಓದಿದೆ, ಇವತ್ತು ಸಂಬಳ ತೆಗೆದುಕೊಳ್ಳುತ್ತಿದ್ದೇನೆ. ಆ ಸೌಕರ್ಯ ನನಗೆ ಬೇಕು. ನನ್ನ ಮಕ್ಕಳಿಗೂ ಬೇಕು.

ಆದರೆ ಒಂದು ವಿಷಯ ಹೇಳುತ್ತೇನೆ. ಮನೆಗೆ ಮೊದಲ ಸಲ ಗ್ಯಾಸ್ ಬಂದ ದಿನ ಅಜ್ಜಿ ಇನ್ನೂ ಇದ್ದಳು. ಸೌದೆ ಹೊತ್ತು ಹೊತ್ತು ಅವಳ ತಲೆಯ ನಡುವೆ ಕೂದಲೇ ಇರಲಿಲ್ಲ. ಸಿಲಿಂಡರ್ ಮುಂದೆ ನಿಂತು ಅದರ ಮೇಲೆ ಹೆಬ್ಬೆರಳಿನಿಂದ ಶಿಲುಬೆಯ ಗುರುತು ಹಾಕಿದಳು, ಹೊಸ ಅಕ್ಕಿ ಮೂಟೆಗೆ ಹಾಕುವ ಹಾಗೆ. ನಾನು ಈಗ ಆ್ಯಪಿನಲ್ಲಿ ಬುಕ್ ಮಾಡುತ್ತೇನೆ. ಒಂದು ದಿನವೂ ಹಾಗೆ ಮಾಡಿಲ್ಲ.

ಕುಮಟಾ ಮಾಮಾ · ಬೆಳಿಗ್ಗೆ 8:20

ಇದನ್ನು ಓದಿ ಕಣ್ಣಲ್ಲಿ ನೀರು ಬಂತು ಮಗಾ.

ಹೊಸ ಆಶೀರ್ವಾದ · ಬೆಳಿಗ್ಗೆ 8:45

ಸಿಸ್ಟರ್, ನಿಮ್ಮ ಅಜ್ಜಿಯ ಬಗ್ಗೆ ಹಾಗೆ ಹೇಳುವ ಉದ್ದೇಶ ನನಗಿರಲಿಲ್ಲ. ನೋವಾಗಿದ್ದರೆ ಕ್ಷಮಿಸಿ. ಆದರೆ ಹಣವೇ ಎಲ್ಲಾ ಕೆಟ್ಟದ್ದಕ್ಕೆ ಬೇರು ಅಂತ ಸಭೆಗಳಲ್ಲಿ ಹೇಳುವುದೂ ಸರಿಯಲ್ಲ.

ಶಿರಸಿ ಟೀಚರ್ · ಬೆಳಿಗ್ಗೆ 9:00

ಅದು ಸರಿ. 1 ತಿಮೊಥೆಯ 6:10ರಲ್ಲಿ ಇರುವುದು ಹಣದ ಆಸೆ ಬೇರು ಅಂತ. ಅದೇ ಅಧ್ಯಾಯದ 17ನೇ ವಚನದಲ್ಲಿ ಶ್ರೀಮಂತರಿಗೆ "ಹಣ ಬಿಸಾಡಿ" ಅಂತಿಲ್ಲ, ನಿಲ್ಲದ ಹಣದ ಮೇಲೆ ಭರವಸೆ ಇಡಬೇಡಿ ಅಂತಿದೆ.

ಬೈತಖೋಲ್ ಬೋಟ್ · ಬೆಳಿಗ್ಗೆ 11:10

ಕಾರವಾರದಿಂದ. ನಾನು ಮೀನುಗಾರ, ದೊಡ್ಡ ಮಾತು ಬರುವುದಿಲ್ಲ. ನಮ್ಮ ಕಸುಬಿನಲ್ಲಿ ಕಂಡದ್ದು ಹೇಳುತ್ತೇನೆ.

ನಮ್ಮ ಅಜ್ಜನ ಕಾಲದಲ್ಲಿ ರಂಪಣಿ, ಅಂದರೆ ದಡದಿಂದ ಎಳೆಯುವ ದೊಡ್ಡ ಬಲೆ. ಅದನ್ನು ಒಬ್ಬ ಎಳೆಯುವ ಹಾಗೇ ಇಲ್ಲ. ದೋಣಿಯಲ್ಲಿ ಬಲೆ ಬಿಟ್ಟು ಬಂದು ದಡದ ಮೇಲೆ ಎರಡು ಕಡೆ ಸಾಲಾಗಿ ನಿಲ್ಲಬೇಕು, ಊರಿಗೆ ಊರೇ ಬರಬೇಕು. ಇವತ್ತು ನಿನ್ನ ಜೊತೆ ಜಗಳ ಆಡಿದ್ದರೂ ನಾಳೆ ಅದೇ ಹಗ್ಗ ಹಿಡಿಯಬೇಕು. ಎಳೆದವರಿಗೆಲ್ಲ ಪಾಲು. ನಮ್ಮ ಕೇರಿಯಲ್ಲಿ ಗಂಡನಿಲ್ಲದವರ ಮನೆಗೂ ಒಂದು ಬುಟ್ಟಿ ಹೋಗುತ್ತಿತ್ತು. ಬಲೆ ಬಿಡುವ ಮೊದಲು ಎಲ್ಲರೂ ಕೈ ಮುಗಿಯುತ್ತಿದ್ದರು, ಹಿಂದೂಗಳು ಅವರ ದೇವರಿಗೆ, ನಾವು ನಮ್ಮ ದೇವರಿಗೆ. ಯಾಕಂದರೆ ನೀರೊಳಗೆ ಏನಿದೆ ಅಂತ ಯಾರಿಗೂ ಗೊತ್ತಿಲ್ಲ.

70ರ ದಶಕದ ಕೊನೆಗೆ ಪರ್ಸಿನ್ ಬೋಟುಗಳು ಬಂದವು, ಸಮುದ್ರದಲ್ಲೇ ಬಲೆ ಸುತ್ತಿ ಮೀನು ಹಿಡಿಯುವಂಥವು. ಈಗ ನನ್ನ ಬೋಟಿನಲ್ಲಿ ಜಿಪಿಎಸ್, ವೈರ್‌ಲೆಸ್, ಮೀನು ತೋರಿಸುವ ಮಶಿನ್ನು ಎಲ್ಲಾ ಇದೆ. ದುಡಿಮೆ ಜಾಸ್ತಿಯಾಯಿತು, ಜೀವ ಉಳಿಯಿತು. ನಾನು ವಾಪಸ್ ಹಳೆ ಕಾಲಕ್ಕೆ ಹೋಗುವವನಲ್ಲ. ಆದರೆ ದಡದಲ್ಲಿ ಯಾರೂ ಯಾರಿಗೂ ಬೇಡವಾದರು. ತಾರ್ಲೆ (ಬೂತಾಯಿ ಮೀನು) ಬಾರದ ವರ್ಷ ಬಂದಾಗ ಮಶಿನ್ನಿನಲ್ಲಿ ಬರೀ ನೀಲಿ. ಬೆಳಗಿನ ಜಾವ ನಾಲ್ಕು ಗಂಟೆಗೆ ಆ ಪರದೆಯನ್ನೇ ನೋಡುತ್ತಾ ಕೂತಿದ್ದೆ. ಪಕ್ಕದ ಬೋಟಿನವನಿಗೆ ಮೀನು ಸಿಕ್ಕಿದೆಯಾ ಅಂತ ಕೇಳಲೂ ಮನಸ್ಸಾಗಲಿಲ್ಲ. ಕೇಳಿದರೆ ಸುಳ್ಳು ಹೇಳುತ್ತಾನೆ ಅಂತ ಗೊತ್ತು. ನಾನೂ ಹೇಳಿದ್ದೇನೆ.

ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ಬಂದ್ ಇರುವ 61 ದಿನ ನನಗೆ ಒಳ್ಳೆಯದು. ಆಗ ಮಾತ್ರ ಚರ್ಚಿನ ಬೆಳಗಿನ ಪೂಜೆಗೆ ಹೋಗುತ್ತೇನೆ.

ಅಂಕೋಲಾ ಹುಡುಗ · ಮಧ್ಯಾಹ್ನ 1:15

ವಿಷಯಕ್ಕೆ ಸಂಬಂಧ ಇಲ್ಲ, ಶರಾವತಿ ಅಣ್ಣಾ, ನಿಮ್ಮ ಇನ್ವರ್ಟರಿಗೆ ಯಾವ ಬ್ಯಾಟರಿ ಹಾಕಿದ್ದೀರಿ? ನಮ್ಮಲ್ಲಿ ಮಳೆ ಬಂದರೆ ಎರಡು ದಿನ ಕರೆಂಟಿಲ್ಲ.

ಶರಾವತಿ ತೀರ · ಮಧ್ಯಾಹ್ನ 1:40

ಟ್ಯೂಬುಲರ್ ಹಾಕಿಸಿ ತಮ್ಮಾ. ಮೂರು ತಿಂಗಳಿಗೊಮ್ಮೆ ನೀರು ನೋಡಬೇಕು.

ಲೆಕ್ಕದ ಮನುಷ್ಯ · ಮಧ್ಯಾಹ್ನ 2:05

ಎಲ್ಲಾ ಓದಿದೆ. ಬೋಟಿನ ಅಣ್ಣ ಹೇಳಿದ್ದು ಮನಸ್ಸಿಗೆ ತಾಗಿತು. ಆದರೂ ಪ್ರಶ್ನೆ ಅಲ್ಲೇ ಇದೆ. ಕೂಡಿಡುವುದು ತಪ್ಪಾದರೆ ಯೋಸೇಫನು ಈಜಿಪ್ಟಿನಲ್ಲಿ ಏಳು ವರ್ಷ ಧಾನ್ಯ ಕೂಡಿಟ್ಟದ್ದು ಯಾಕೆ? ಅವನನ್ನು ಜಾಣ ಅನ್ನುತ್ತೇವೆ, ಲೂಕನ ಶ್ರೀಮಂತನನ್ನು ಮೂರ್ಖ ಅನ್ನುತ್ತೇವೆ. ಇಬ್ಬರೂ ಕಟ್ಟಿದ್ದು ಕಣಜವನ್ನೇ ತಾನೇ?

ನೈಟ್ ಡ್ಯೂಟಿ · ಮಧ್ಯಾಹ್ನ 2:30

ಯೋಸೇಫನ ಕಣಜದ ಬಾಗಿಲು ಬರ ಬಂದಾಗ ಎಲ್ಲರಿಗೂ ತೆರೆಯಿತು. ಅವನನ್ನು ಮಾರಿದ ಅಣ್ಣಂದಿರೂ ಅಲ್ಲೇ ಬಂದು ಉಂಡರು.

ಓದುವ ಹುಡುಗ · ಮಧ್ಯಾಹ್ನ 3:10

ನಾನು ಸೆಮಿನರಿಯಲ್ಲಿ, ಪಾದ್ರಿಯಾಗಲು, ಓದುತ್ತಿದ್ದೇನೆ, ತಪ್ಪಿದ್ದರೆ ಹಿರಿಯರು ತಿದ್ದಿ. ಈ ಜಗಳ ಹಳೆಯದು. ಐದನೇ ಶತಮಾನದಲ್ಲಿ ಪೆಲಾಜಿಯಸ್ ಅನ್ನುವ ತಪಸ್ವಿ ಮನುಷ್ಯ ತನ್ನ ಸ್ವಂತ ಪ್ರಯತ್ನದಿಂದಲೇ ಒಳ್ಳೆಯವನಾಗಬಹುದು ಅಂತ ಕಲಿಸಿದ. ಸಂತ ಅಗಸ್ಟೀನರು ವಿರೋಧಿಸಿದರು. 418ರ ಕಾರ್ತೇಜ್ ಸಭೆ ಅವನ ಬೋಧನೆಯನ್ನು ತಳ್ಳಿಹಾಕಿತು. ಪೋಪ್ ಫ್ರಾನ್ಸಿಸ್ 2018ರಲ್ಲಿ ಪವಿತ್ರತೆಯ ಬಗ್ಗೆ ಬರೆದ ಪತ್ರದಲ್ಲಿ ಇದೇ ರೋಗ ಇವತ್ತಿನ ಸಭೆಯಲ್ಲೂ ಇದೆ ಅಂದರು.

ಹಾಗಾಗಿ ಹಣ ಇಲ್ಲದವರಿಗೂ ಇದು ಬರುತ್ತದೆ. ನಾನು ದಿನವೂ ಪೂಜೆಗೆ ಹೋಗುತ್ತೇನೆ, ಉಪವಾಸ ಮಾಡುತ್ತೇನೆ, ಆದ್ದರಿಂದ ದೇವರು ನನಗೆ ಬಾಕಿ ಇದ್ದಾನೆ ಅನ್ನುವುದೂ ಒಂದು ಕಣಜವೇ. ನನ್ನೊಳಗೆ ಅದನ್ನು ನೋಡಿದ್ದೇನೆ.

ಇನ್ನೊಂದು. ಮೆಥಡಿಸ್ಟ್ ಅನ್ನುವ ಕ್ರೈಸ್ತ ಪಂಗಡದ ಜಾನ್ ವೆಸ್ಲಿ 1786ರಲ್ಲಿ ತಮ್ಮ ಜನರ ಬಗ್ಗೆ ಇದೇ ಚಿಂತೆ ಬರೆದರು. ಭಕ್ತಿ ಬಂದರೆ ಜನ ಕಷ್ಟಪಟ್ಟು ದುಡಿಯುತ್ತಾರೆ, ದುಂದು ಮಾಡುವುದಿಲ್ಲ. ಆಗ ಹಣ ಸೇರುತ್ತದೆ. ಹಣ ಸೇರಿದ ಹಾಗೆ ಭಕ್ತಿ ಕರಗುತ್ತದೆ. ಅವರಿಗೆ ಕಂಡ ದಾರಿ ಒಂದೇ, ಎಷ್ಟು ದುಡಿದು ಎಷ್ಟು ಉಳಿಸುತ್ತೀರೋ ಅಷ್ಟೇ ಧಾರಾಳವಾಗಿ ಕೊಡಬೇಕು.

ಕುಮಟಾ ಮಾಮಾ · ಮಧ್ಯಾಹ್ನ 3:40

ನಮ್ಮ ಗುರುಗಳು ಇದನ್ನೇ ಉಗುರು ಬೆಚ್ಚಗಿನ ಭಕ್ತಿ ಅನ್ನುತ್ತಿದ್ದರು. ಬಿಸಿಯೂ ಇಲ್ಲ, ತಣ್ಣಗೂ ಇಲ್ಲ. ದೇವರು ಉಗುಳಿಬಿಡುತ್ತಾನೆ ಅಂತ.

ಶಿರಸಿ ಟೀಚರ್ · ಸಂಜೆ 4:25

ಮಾಮಾ, ಆ ಮಾತು ಲವೊದಿಕೀಯ ಅನ್ನುವ ಊರಿನ ಕ್ರೈಸ್ತ ಸಭೆಗೆ ಬರೆದದ್ದು, ಬೈಬಲಿನ ಕೊನೆಯ ಪುಸ್ತಕ ಪ್ರಕಟನೆಯ 3ನೇ ಅಧ್ಯಾಯದಲ್ಲಿ. ಆ ಊರಿನ ಬಗ್ಗೆ ಸ್ವಲ್ಪ ಹೇಳುತ್ತೇನೆ, ನನಗೆ ತುಂಬಾ ಇಷ್ಟದ ಭಾಗ.

ಈಗಿನ ಟರ್ಕಿಯಲ್ಲಿತ್ತು. ಹಣದ ವ್ಯವಹಾರದ ಊರು, ಕಪ್ಪು ಉಣ್ಣೆಗೆ ಹೆಸರುವಾಸಿ. ಕ್ರಿ.ಶ. 60ರಲ್ಲಿ ಭೂಕಂಪ ಆಗಿ ಊರು ನೆಲಕ್ಕೆ ಬಿತ್ತು. ರೋಮಿನ ಸಹಾಯ ತೆಗೆದುಕೊಳ್ಳದೆ ತಮ್ಮ ಸ್ವಂತ ಹಣದಿಂದ ಮತ್ತೆ ಕಟ್ಟಿಕೊಂಡರು ಅಂತ ರೋಮಿನ ಇತಿಹಾಸಕಾರ ತಾಸಿತಸ್ ಬರೆದಿದ್ದಾನೆ. ಯಾರ ಮುಂದೆಯೂ ಕೈ ಚಾಚದ ಊರು! "ನಾನು ಶ್ರೀಮಂತ, ನನಗೆ ಏನೂ ಬೇಕಾಗಿಲ್ಲ" ಅನ್ನುತ್ತೀಯಲ್ಲ ಅಂತ ಪ್ರಭು ಕೇಳುವುದು ಅವರನ್ನೇ.

ಇನ್ನು ನೀರು. ಹತ್ತಿರದ ಹಿಯರಾಪೊಲಿಸಿನಲ್ಲಿ ಬಿಸಿನೀರಿನ ಬುಗ್ಗೆ, ಮೈನೋವಿಗೆ ಒಳ್ಳೆಯದು. ಇನ್ನೊಂದು ಕಡೆ ಕೊಲೊಸ್ಸೆಯಲ್ಲಿ ತಣ್ಣನೆಯ ನೀರು. ಲವೊದಿಕೀಯಕ್ಕೆ ಮಾತ್ರ ದೂರದಿಂದ ಕೊಳವೆಯಲ್ಲಿ ಬರಬೇಕು. ಆ ಕೊಳವೆಗಳು ಸುಣ್ಣ ಕಟ್ಟಿ ಇವತ್ತಿಗೂ ಅಲ್ಲಿ ಬಿದ್ದಿವೆ. ಹಾಗಾಗಿ ಬಿಸಿ ಅಂದರೆ ಭಕ್ತಿ, ತಣ್ಣಗೆ ಅಂದರೆ ನಾಸ್ತಿಕ ಅನ್ನುವ ಅರ್ಥ ಸರಿ ಕೂರುವುದಿಲ್ಲ ಅಂತ ಈಗ ಬಹಳ ಪಂಡಿತರು ಹೇಳುತ್ತಾರೆ. ಎರಡೂ ಒಳ್ಳೆಯವೇ. ಮಳೆಗಾಲಕ್ಕೆ ಬಿಸಿ ಗಂಜಿ ಬೇಕು, ಮೇ ತಿಂಗಳಲ್ಲಿ ತಣ್ಣಗಿನ ಮುರುಗಲ ಹಣ್ಣಿನ ಪಾನಕ ಬೇಕು. ಎರಡೂ ಅಲ್ಲದ್ದು ಯಾರ ಉಪಯೋಗಕ್ಕೂ ಬರುವುದಿಲ್ಲ. ಊರವರಿಗೆ ಬೇರೆಯವರು ಬೇಕಾಗಿರಲಿಲ್ಲ, ಆಮೇಲೆ ಬೇರೆಯವರಿಗೂ ಅವರು ಬೇಡವಾದರು.

"ಇಗೋ, ಬಾಗಿಲಲ್ಲಿ ನಿಂತು ತಟ್ಟುತ್ತಿದ್ದೇನೆ" ಅನ್ನುವ ಮಾತಿನ ಚಿತ್ರ ನಮ್ಮಲ್ಲಿ ಎಷ್ಟೋ ಮನೆಯ ಗೋಡೆ ಮೇಲಿದೆ. ಅದು ಹೇಳಿದ್ದೂ ಇದೇ ಊರಿಗೆ. ಪ್ರಭು ಹೊರಗಿದ್ದಾರೆ, ಸಭೆ ಒಳಗಿದೆ.

ಲೆಕ್ಕದ ಮನುಷ್ಯ · ಸಂಜೆ 5:00

ಭೂಕಂಪದ ವಿಷಯ ಗೊತ್ತಿರಲಿಲ್ಲ ಟೀಚರ್. "ಯಾರ ಮುಂದೆಯೂ ಕೈ ಚಾಚಬಾರದು" ಅಂತ ನಾನೇ ಮೇಲೆ ಬರೆದಿದ್ದೇನೆ.

ಆದರೆ ಪೂರ್ತಿ ಒಪ್ಪಿಬಿಟ್ಟೆ ಅಂತ ತಿಳಿಯಬೇಡಿ. ಆವತ್ತು ನಮ್ಮ ಮನೆಗೆ ಬಂದವರು ದೇವರ ಚಿತ್ತ ಅನ್ನುವ ಬದಲು ತಲಾ ಸ್ವಲ್ಪ ಹಾಕಿದ್ದರೆ ಅಕ್ಕನ ಬಳೆ ಉಳಿಯುತ್ತಿತ್ತು. ಕೇಳು ಅಂತ ಮಕ್ಕಳಿಗೆ ಕಲಿಸುವ ಮೊದಲು, ಕೇಳಿದವರಿಗೆ ಕೊಡುವ ಸಭೆ ಇರಬೇಕು. ಇಲ್ಲದಿದ್ದರೆ ನನ್ನಂಥವರು ಲೆಕ್ಕ ಹಾಕಿಯೇ ಬದುಕುತ್ತಾರೆ.

ಹಳಿಯಾಳದವಳು · ಸಂಜೆ 5:12

ಈ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ ಅಣ್ಣಾ.

ಬೈತಖೋಲ್ ಬೋಟ್ · ಸಂಜೆ 6:30

ನಿಮ್ಮ ಅಪ್ಪನ ಬೋಟಿನ ಕಥೆ ನಮ್ಮ ಬಂದರಿನಲ್ಲೂ ಆಗಿದೆ. ನಾನೂ ಚಹಾ ಕುಡಿದು ಬಂದವನೇ. ತಪ್ಪು.

ನೈಟ್ ಡ್ಯೂಟಿ · ರಾತ್ರಿ 8:15

ಶರಾವತಿ ಅಣ್ಣಾ, ಪುಟ್ಟಿಯ ಪ್ರಶ್ನೆಗೆ ಯಾರೂ ನೇರ ಉತ್ತರ ಕೊಟ್ಟಿಲ್ಲ. ನನಗೆ ತೋಚಿದ್ದು ಹೇಳುತ್ತೇನೆ.

ಪ್ರಭು ಕಲಿಸಿದ ಪ್ರಾರ್ಥನೆಯಲ್ಲಿ ಕೊಂಕಣಿಯಲ್ಲಿ ನಾವು "ದಿಸ್ಪಡ್ತೊ ಗ್ರಾಸ್" ಅನ್ನುತ್ತೇವಲ್ಲ. ಗ್ರಾಸ್ ಅಂದರೆ ತುತ್ತು. ಒಂದು ದಿನದ ತುತ್ತು. ಅದೂ "ಆಮ್ಕಾಂ", ನಮಗೆ. ನನಗೆ ಅಂತ ಅದರಲ್ಲಿ ಎಲ್ಲೂ ಇಲ್ಲ. ಪುಟ್ಟಿಯ ತಟ್ಟೆಯಲ್ಲಿ ತುತ್ತು ಇದೆ. ಆದರೆ "ನಮಗೆ" ಅನ್ನುವುದರಲ್ಲಿ ಇನ್ನೂ ಎಷ್ಟು ಜನ ಇದ್ದಾರೆ ಅಂತ ಅವಳನ್ನೇ ಎಣಿಸಲು ಹೇಳಿ.

ಶರಾವತಿ ತೀರ · ಆಗಸ್ಟ್ 26, ರಾತ್ರಿ 9:35

ಎರಡು ದಿನ ಬರೆಯಲು ಆಗಲಿಲ್ಲ. ಎಲ್ಲವನ್ನೂ ಹೆಂಡತಿಗೆ ಓದಿ ಹೇಳಿದೆ.

ಸೋಮವಾರ ವಾರದ ದಿನವೇ ಆದರೂ ತೇರ್ಸಿಗೆ ಕೂತೆವು. ಅಮ್ಮನ ಜಪಸರ ಹುಡುಕಿ ತೆಗೆದೆ. ಮಗಳು ಆ ನೂಲಿನ ಗಂಟು ಹಿಡಿದು ಇದೇನು ಅಂತ ಕೇಳಿದಳು. ಹೇಳಿದೆ. ಆಮೇಲೆ ನರ್ಸಮ್ಮ ಹೇಳಿದ ಹಾಗೆ "ನಮಗೆ" ಅಂದರೆ ಯಾರ್ಯಾರು ಅಂತ ಎಣಿಸಲು ಹೇಳಿದೆ. ಅಪ್ಪ, ಅಮ್ಮ, ಶಾಲೆಯ ಗೆಳತಿಯರು, ಸ್ಕೂಲ್ ಬಸ್ಸಿನ ಡ್ರೈವರ್ ಮಾಮಾ. ಸ್ವಲ್ಪ ಹೊತ್ತು ಬಿಟ್ಟು, "ಗೋಡೆ ಆಚೆ ಒಬ್ಬರು ಅಜ್ಜಿ ಕುಂಟುತ್ತಾರಲ್ಲ, ಅವರ ಕಾಲು ವಾಸಿಯಾಗಲಿ" ಅಂದಳು. "ಅವರ ಹೆಸರೇನು ಪಪ್ಪಾ?"

ನನಗೆ ಆ ಅಜ್ಜಿ ಚಿಕ್ಕಂದಿನಿಂದ ಗೊತ್ತು. ನಮ್ಮ ಬಾವಿಯಿಂದಲೇ ಅವರ ಮನೆಗೆ ನೀರು ಹೋಗುತ್ತಿತ್ತು. ದಿನಕ್ಕೆ ನಾಲ್ಕು ಸಲ ಬರುತ್ತಿದ್ದರು, ಅಮ್ಮನ ಜೊತೆ ಕೂತು ತೇರ್ಸ್ ಹೇಳಿ ಹೋಗುತ್ತಿದ್ದರು. ಬೋರ್‌ವೆಲ್ ಹಾಕಿಸಿದ ಮೇಲೆ ಬಾವಿಗೆ ಕಬ್ಬಿಣದ ಜಾಲರಿ ಮುಚ್ಚಿಸಿದೆ, ಮಗು ಬೀಳಬಾರದು ಅಂತ. ಕಾಂಪೌಂಡು ಎದ್ದಿತು. ಅವರಿಗೆ ನಲ್ಲಿ ಬಂತು. ಜಗಳ ಇಲ್ಲ, ಏನೂ ಇಲ್ಲ. ಬರುವುದು ನಿಂತಿತು ಅಷ್ಟೇ. ನನ್ನ ಮಗಳಿಗೆ ಅವರ ಹೆಸರು ಗೊತ್ತಿಲ್ಲ.

ನಿನ್ನೆ ಅವಳನ್ನು ಕರೆದುಕೊಂಡು ಹೋದೆ. ಮೊದಲು ಏನು ಮಾತಾಡಬೇಕು ತಿಳಿಯಲಿಲ್ಲ. ಅಜ್ಜಿ ಪುಟ್ಟಿಯ ಗಲ್ಲ ಹಿಡಿದು "ನಿನ್ನ ಅಜ್ಜಿಯದೇ ಮೂಗು" ಅಂದರು. ಸೆಪ್ಟೆಂಬರ್ 8ರ ತೆನೆ ಹಬ್ಬಕ್ಕೆ, ಅಂದರೆ ಮಾತೆ ಮರಿಯಮ್ಮನ ಹುಟ್ಟುಹಬ್ಬಕ್ಕೆ, ಇಗರ್ಜಿಗೆ (ಚರ್ಚಿಗೆ) ಹೋಗಿ ಬರಲು ಕಾಲು ಬರುವುದಿಲ್ಲ ಅಂದರು. ಕಾರಿನಲ್ಲಿ ಕರೆದುಕೊಂಡು ಹೋಗುತ್ತೇವೆ ಅಂತ ಹೇಳಿ ಬಂದೆವು. ಊಟ ನಮ್ಮಲ್ಲೇ.

ಈಗ ಒಂದು ಸಹಾಯ ಬೇಕು. ನಮ್ಮ ಗದ್ದೆ ಬೀಳು ಬಿದ್ದು ವರ್ಷಗಳಾದವು. ಹೋದ ವರ್ಷ ಹೊಸ ಅಕ್ಕಿಯ ಹೆಸರಿಗೆ ಅಂಗಡಿಯ ಅಕ್ಕಿಯನ್ನೇ ಪಾಯಸಕ್ಕೆ ಹಾಕಿದ್ದೆವು. ಈ ಸಲ ನಿಜವಾದ ತೆನೆ ಬೇಕು. ಯಾರ ಗದ್ದೆಯಲ್ಲಾದರೂ ಆ ಹೊತ್ತಿಗೆ ತೆನೆ ಬರುತ್ತದಾ? ಒಂದು ಹಿಡಿ ಸಾಕು.

ಕಡವಾಡ ಗದ್ದೆ · ರಾತ್ರಿ 10:05

ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ನಮ್ಮದು ಬೇಗ ಬರುವ ಭತ್ತ, ಆಗಲೇ ಹಾಲು ತುಂಬುತ್ತಿದೆ. ಹಬ್ಬದ ಹೊತ್ತಿಗೆ ಸಿಗುತ್ತದೆ. ನಿಮಗೆ ಇಲ್ಲಿವರೆಗೆ ಬರುವುದು ದೂರ, ಆದರೂ ಬನ್ನಿ. ಪುಟ್ಟಿಯನ್ನೂ ಕರೆತನ್ನಿ. ಗದ್ದೆಯಲ್ಲಿ ಕೆಸರು ಇದೆ, ಹಳೆ ಚಪ್ಪಲಿ ಹಾಕಿ.

ಅಂಕೋಲಾ ಹುಡುಗ · ರಾತ್ರಿ 10:10

ನಮಗೂ ಒಂದು ಹಿಡಿ ಸಿಗಬಹುದಾ?

ಕಡವಾಡ ಗದ್ದೆ · ರಾತ್ರಿ 10:12

ಬಾ ಮಾರಾಯಾ. ಕುಡುಗೋಲು ತಗೊಂಡು ಬಾ.

ಶರಾವತಿ ತೀರ · ರಾತ್ರಿ 10:20

ಶನಿವಾರ ಬೆಳಿಗ್ಗೆ ಹೊರಡುತ್ತೇವೆ. ಅಜ್ಜಿಗೂ ಬರಬೇಕಂತೆ, ಕಾರಿನಲ್ಲೇ ಕೂತು ನೋಡುತ್ತಾರಂತೆ.